11 ವರ್ಷದ ಪಾಲುದಾರಿಕೆ: ನಿಲ್ಲಿಸಬೇಕಾ, ಮುಂದುವರಿಸಬೇಕಾ?

ಪ್ರಶ್ನೆ

"ನಾನು ನಮ್ಮ ಚರ್ಚಿನ ಮಿಷನ್ ಕಮಿಟಿಯ ಖಜಾಂಚಿ. ಪೂರ್ವ ಆಫ್ರಿಕಾದ ಒಂದು ಹಳ್ಳಿಯ ಸಭೆಯ (ಅಲ್ಲಿನ ಚರ್ಚಿನ ವಿಶ್ವಾಸಿಗಳ ಕೂಟದ) ಜೊತೆ ನಮಗೆ 11 ವರ್ಷದಿಂದ ಪಾಲುದಾರಿಕೆ ಇದೆ. ಅಲ್ಲಿ ಒಂದು ಕೈಪಂಪು ಹಾಕಿಸಿದ್ದೇವೆ, ಶಾಲೆಗೆ 3 ಕೊಠಡಿ ಕಟ್ಟಿಸಿದ್ದೇವೆ, 40 ಮಕ್ಕಳ ಫೀಸು ಕಟ್ಟುತ್ತಿದ್ದೇವೆ. ಹೋದ ಸಲ ನಮ್ಮವರು ಹೋದಾಗ ಪಂಪು ಕೆಟ್ಟು ತಿಂಗಳುಗಳೇ ಆಗಿದ್ದವು. ಯಾರೂ ರಿಪೇರಿ ಮಾಡಿಸಿರಲಿಲ್ಲ, ನಮಗೂ ಹೇಳಿರಲಿಲ್ಲ. ಹಣವೆಲ್ಲ ಅಲ್ಲಿನ ಪಾಸ್ಟರ್ ಮೂಲಕವೇ ಹೋಗುತ್ತದೆ. ಅವರು ದೇವಭಕ್ತರು, ನಮಗೆಲ್ಲ ಆತ್ಮೀಯರು. ಆದರೆ ರಸೀದಿಗಳು ಸರಿಯಾಗಿ ಬರುವುದಿಲ್ಲ. ಈಗ ಅವರು ಒಂದು ವಾಹನಕ್ಕೆ ಮತ್ತು ಒಂದು ಅನಾಥಾಲಯಕ್ಕೆ ಸಹಾಯ ಕೇಳಿದ್ದಾರೆ. ನಮ್ಮ ಯುವಜನರು ಬರುವ ವರ್ಷ ಅಲ್ಲಿಗೆ ಹೋಗಿ ತಾವೇ ಕಟ್ಟಡ ಕಟ್ಟುವ ಉತ್ಸಾಹದಲ್ಲಿದ್ದಾರೆ. ಕಮಿಟಿಯಲ್ಲಿ ಅರ್ಧ ಜನ 'ಕೊಟ್ಟು ಕೊಟ್ಟು ಅವರನ್ನು ಪರಾವಲಂಬಿ ಮಾಡಿದ್ದೇವೆ, ಸಾಕು ನಿಲ್ಲಿಸೋಣ' ಅನ್ನುತ್ತಾರೆ. ಉಳಿದವರು 'ನಡುವೆ ಕೈಬಿಡುವುದು ವಿಶ್ವಾಸಿಗಳಿಗೆ ತಕ್ಕದ್ದಲ್ಲ' ಅನ್ನುತ್ತಾರೆ. ನಾನು ಏನು ಹೇಳಲಿ?"

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು, ಹಣ ಸರಿಯಾದ ಕಡೆ ಹೋಗುತ್ತಿದೆಯಾ ಅನ್ನುವುದು. ಇನ್ನೊಂದು ಅದಕ್ಕಿಂತ ಭಾರದ್ದು: ಒಳ್ಳೆಯದು ಮಾಡಲು ಹೋಗಿ ಕೆಡುಕು ಮಾಡಿಬಿಟ್ಟೆವಾ ಅನ್ನುವುದು. ಚರ್ಚುಗಳ ಇಂಥ ಪಾಲುದಾರಿಕೆಗಳಿಗೆ ಸಲಹೆ ಕೊಡುವುದೇ ನನ್ನ ಕೆಲಸ. ಎರಡೂ ಕಡೆಯವರ ಜೊತೆ ಕೂತು ಮಾತಾಡಿದ್ದೇನೆ. ಹತ್ತು ವರ್ಷದ ಆಸುಪಾಸಿನಲ್ಲಿ ಬಹಳಷ್ಟು ಚರ್ಚುಗಳು ಇದೇ ಜಾಗಕ್ಕೆ ಬಂದು ನಿಲ್ಲುತ್ತವೆ. ನಿಮ್ಮಲ್ಲಿ ಮಾತ್ರ ಏನೋ ದೋಷ ಇದೆ ಅಂತ ಅಂದುಕೊಳ್ಳಬೇಡಿ.

ನಿಲ್ಲಿಸುವುದೋ ಮುಂದುವರಿಸುವುದೋ ಅನ್ನುವುದಕ್ಕೆ ಮೊದಲು ಕಮಿಟಿ ಮುಂದೆ ಈ ಪ್ರಶ್ನೆ ಇಡಿ. ಈ 11 ವರ್ಷದಲ್ಲಿ ಆ ಸಭೆಯವರು ನಿಮಗೆ ಒಮ್ಮೆಯಾದರೂ "ಬೇಡ" ಅಂದಿದ್ದಾರಾ? ನಿಮ್ಮ ಯಾವುದಾದರೂ ಯೋಜನೆಯನ್ನು "ಇದು ನಮಗೆ ಆಗಿಬರುವುದಿಲ್ಲ" ಅಂತ ವಾಪಸ್ ಕಳಿಸಿದ್ದಾರಾ?

ಒಂದು ಸಲವೂ ಇಲ್ಲ ಅಂತಾದರೆ ತೊಂದರೆಯ ಬೇರು ಅಲ್ಲಿದೆ. ಬೇಡ ಅಂದರೆ ಹಣವೇ ನಿಂತುಹೋಗಬಹುದು ಅನ್ನುವ ಹೆದರಿಕೆ ಇರುವ ಕಡೆ ಯಾರೂ ಬೇಡ ಅನ್ನುವುದಿಲ್ಲ. ಪಂಪು ಕೆಟ್ಟಿದೆ ಅಂತಲೂ ಹೇಳುವುದಿಲ್ಲ. ಇಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಹಾಳುಮಾಡಿಕೊಂಡರು ಅಂತ ನೀವು ಬೇಜಾರಾಗುತ್ತೀರಿ ಅನ್ನುವ ಸಂಕೋಚ ಅವರಿಗೆ. ವರ್ಷ ಜಾಸ್ತಿ ಆಯಿತು ಅನ್ನುವುದಾಗಲಿ, ಹಣ ಜಾಸ್ತಿ ಆಯಿತು ಅನ್ನುವುದಾಗಲಿ ನನ್ನನ್ನು ಅಷ್ಟು ಕಾಡುವುದಿಲ್ಲ. ತೀರ್ಮಾನವೆಲ್ಲ ಒಂದೇ ಕಡೆ ಇರುವುದು ಕಾಡುತ್ತದೆ.

ಹಳೆಯ ಜಗಳ

ನಿಮ್ಮ ಕಮಿಟಿಯ ಎರಡು ಗುಂಪುಗಳ ವಾದ ಹೊಸದೇನಲ್ಲ. 19ನೇ ಶತಮಾನದ ನಡುವಿನಲ್ಲೇ ಇಂಗ್ಲೆಂಡಿನ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆಂಡರ್ಸನ್ ಇದನ್ನು ಎತ್ತಿದ್ದರು. ಇಬ್ಬರೂ ದೊಡ್ಡ ಮಿಷನ್ ಸಂಸ್ಥೆಗಳನ್ನು ನಡೆಸುತ್ತಿದ್ದವರು. ಹೊರಗಿನಿಂದ ಕಟ್ಟಿದ ಸಭೆ ತನ್ನ ಆಡಳಿತ ತಾನೇ ನೋಡಿಕೊಳ್ಳಬೇಕು, ತನ್ನ ಖರ್ಚು ತಾನೇ ಹೊರಬೇಕು, ತಾನೇ ಬೆಳೆಯಬೇಕು ಅನ್ನುವುದು ಇಬ್ಬರ ನಿಲುವು. ಚೀನಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ನೀವಿಯಸ್ 1890ರಲ್ಲಿ ಕೊರಿಯಾಕ್ಕೆ ಹೋಗಿ ಅಲ್ಲಿನ ಹೊಸ ಮಿಷನರಿಗಳಿಗೆ ಇದನ್ನೇ ಹೇಳಿದರು: ಪ್ರಾರ್ಥನಾ ಮಂದಿರ ಅವರೇ ಕಟ್ಟಿಕೊಳ್ಳಲಿ, ಅವರ ಕೈಲಾದಷ್ಟೇ ದೊಡ್ಡದಿರಲಿ. ಕೊರಿಯಾದ ಪ್ರೆಸ್ಬಿಟೇರಿಯನ್ (ಒಂದು ಪ್ರಾಟೆಸ್ಟೆಂಟ್ ಪಂಗಡ) ಸಭೆಗಳು ಹಾಗೇ ಬೆಳೆದವು. ಇವತ್ತು ದಕ್ಷಿಣ ಕೊರಿಯಾ ಬೇರೆ ದೇಶಗಳಿಗೆ ಮಿಷನರಿಗಳನ್ನು ಕಳಿಸುವ ದೊಡ್ಡ ದೇಶಗಳಲ್ಲಿ ಒಂದು. ಅದಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಆದರೆ ಈ ಅಡಿಪಾಯವೂ ಇತ್ತು.

1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನ್ ಸಂಸ್ಥೆಗಳ ದೊಡ್ಡ ಸಮ್ಮೇಳನ ನಡೆಯಿತು. ಬಂದವರಲ್ಲಿ ಯುರೋಪ್, ಅಮೆರಿಕದವರೇ ಹೆಚ್ಚು. ಅಲ್ಲಿ ವಿ. ಎಸ್. ಅಜರಯ್ಯ ಎದ್ದು ನಿಂತು ಮಾತಾಡಿದರು. ಎರಡು ವರ್ಷದ ಮೇಲೆ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದವರು, ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ನೀವು ಬಡವರಿಗೆ ನಿಮ್ಮ ಆಸ್ತಿ ಕೊಟ್ಟಿರಿ, ನಿಮ್ಮ ದೇಹವನ್ನೇ ಸುಡಲು ಕೊಟ್ಟಿರಿ, ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಅಂದರು. ಕೇಳಿದವರಲ್ಲಿ ಹಲವರಿಗೆ ಇರುಸುಮುರುಸಾಯಿತು. ಅಜರಯ್ಯ ಹಣದ ಲೆಕ್ಕ ಎತ್ತಿರಲಿಲ್ಲ. ಒಂದೇ ಮೇಜಿನಲ್ಲಿ ಸಮನಾಗಿ ಕೂರಿಸಿಕೊಳ್ಳದ ಸಂಬಂಧದ ಬಗ್ಗೆ ಮಾತಾಡಿದ್ದರು.

ಇನ್ನೊಂದು ತುದಿಯೂ ಇದೆ. 1971ರಲ್ಲಿ ಕೆನ್ಯಾದ ಪ್ರೆಸ್ಬಿಟೇರಿಯನ್ ನಾಯಕ ಜಾನ್ ಗಾಟು ಅಮೆರಿಕದ ಸಭಿಕರ ಎದುರಿಗೇ, ಮಿಷನರಿಗಳನ್ನು ಸ್ವಲ್ಪ ವರ್ಷ ವಾಪಸ್ ಕರೆಸಿಕೊಳ್ಳಿ ಅಂದರು. 1974ರಲ್ಲಿ ಲುಸಾಕಾದಲ್ಲಿ ಸೇರಿದ ಅಖಿಲ ಆಫ್ರಿಕಾ ಚರ್ಚುಗಳ ಸಮ್ಮೇಳನ ಈ ವಾದವನ್ನು ಎತ್ತಿ ಹಿಡಿಯಿತು, ಹೊರಗಿನ ಜನ ಮತ್ತು ಹಣ ಎರಡಕ್ಕೂ ಬಿಡುವು ಬೇಕು ಅಂದಿತು. ಬಹಳ ಕಡೆ ಅದು ಜಾರಿಗೆ ಬರಲಿಲ್ಲ. ಆದರೆ ಇಲ್ಲಿ ಗಮನಿಸಿ, ನಿಲ್ಲಿಸಿ ಅಂತ ಕೇಳಿದವರು ಪಡೆಯುವವರು. ನಿಮ್ಮಲ್ಲಿ ಹಾಗೆ ಹೇಳುತ್ತಿರುವವರು ಕೊಡುವವರು. ಎರಡೂ ಒಂದೇ ಅಲ್ಲ ಅಲ್ವಾ?

ನಿಜ ಯಾವುದು, ಬರೀ ನಂಬಿಕೆ ಯಾವುದು

"ಕೊಟ್ಟು ಕೊಟ್ಟು ಪರಾವಲಂಬಿ ಮಾಡಿದೆವು" ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಂದು ಇಡೀ ಹಳ್ಳಿ ನಿಮ್ಮ ಹಣದ ಮೇಲೆ ಬದುಕುತ್ತಿಲ್ಲ. ಅಲ್ಲಿನ ಜನ ಹೊಲ ಉಳುತ್ತಾರೆ, ಆಡು ಕೋಳಿ ಸಾಕುತ್ತಾರೆ, ಕೂಲಿಗೆ ಹೋಗುತ್ತಾರೆ, ಪಟ್ಟಣಕ್ಕೆ ಹೋದ ಮಕ್ಕಳು ದುಡ್ಡು ಕಳಿಸುತ್ತಾರೆ. ನೀವು ಬರುವ ಮೊದಲೂ ಬದುಕಿದ್ದರು, ನೀವು ಹೋದರೂ ಬದುಕುತ್ತಾರೆ. ಪರಾವಲಂಬಿ ಆಗುವುದು ಕೆಲವು ನಿರ್ದಿಷ್ಟ ವಿಷಯಗಳು: ಆ ಪಂಪು, ಆ 40 ಮಕ್ಕಳ ಓದು, ಆ ಪಾಸ್ಟರ್ ಅವರ ಸ್ಥಾನಮಾನ. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ಮಾತ್ರ ದಾರಿ ಸಿಗುತ್ತದೆ.

"ಚರ್ಚಿನ ಮೂಲಕ ಹೋದರೆ ಹಣ ಸುರಕ್ಷಿತ, ಲೆಕ್ಕ ಕೇಳುವುದು ಅಪನಂಬಿಕೆ" ಅನ್ನುವುದು ಪೂರ್ತಿ ತಪ್ಪು. ಇದಕ್ಕೆ ನಾನು ಯಾವಾಗಲೂ ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ತೆಗೆಯುತ್ತೇನೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲ ದೂರದ ಸಭೆಗಳಿಂದ ಹಣ ಸೇರಿಸುತ್ತಿದ್ದ. ಸಮುದ್ರದಾಚೆಯ ಸಹಾಯವೇ ಅದು. ಆ ಹಣ ಒಯ್ಯಲು ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನೂ ಇರಲಿ ಅಂತ ಏರ್ಪಾಡು ಮಾಡಿದ. ಕಾರಣವನ್ನೂ ಬಿಚ್ಚಿ ಹೇಳಿದ: ಈ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು. ಪೌಲನಿಗೇ ಒಬ್ಬನ ಕೈಯಲ್ಲಿ ಹಣ ಬಿಡಲು ಮನಸ್ಸಾಗಲಿಲ್ಲ. ಅದೇ ಅಧ್ಯಾಯದಲ್ಲಿ, ಕಡುಬಡತನದಲ್ಲಿದ್ದ ಮಕೆದೋನ್ಯದ ಸಭೆಗಳು ತಾವೂ ಕೊಡುತ್ತೇವೆ ಅಂತ ಬೇಡಿಕೊಂಡು ಕೊಟ್ಟದ್ದೂ ಇದೆ. ಬಡವರಿಗೂ ಕೊಡುವ ಆಸೆ ಇರುತ್ತದೆ. ಅದಕ್ಕೆ ನೀವು ಜಾಗ ಬಿಟ್ಟಿದ್ದೀರಾ ನೋಡಿ.

ಪಂಪು ಯಾಕೆ ನಿಂತಿತು

ಈ ಪಂಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಪಾಲುದಾರಿಕೆಯ ಕಥೆಯೆಲ್ಲ ಅದರಲ್ಲೇ ಇದೆ.

ಆಫ್ರಿಕಾದ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಕೈಪಂಪುಗಳಲ್ಲಿ ಎರಡು: ಭಾರತದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2, ಮತ್ತು ಹಳ್ಳಿಯವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ 1980ರ ದಶಕದಲ್ಲಿ ತಯಾರಾದ ಅಫ್ರಿದೇವ್. ಅಫ್ರಿದೇವ್ ಬಿಚ್ಚಲು ಒಂದೇ ಸ್ಪ್ಯಾನರ್ ಸಾಕು. ಒಳಗಿನ ಸರಳುಗಳನ್ನು ಕೈಯಲ್ಲೇ ಒಂದೊಂದಾಗಿ ಮೇಲಕ್ಕೆ ಎಳೆಯಬಹುದು. ಸವೆಯುವುದು ಸಾಮಾನ್ಯವಾಗಿ ತಳದ ಸಿಲಿಂಡರಿನೊಳಗೆ ನೀರು ಸೋರದಂತೆ ತಡೆಯುವ ಒಂದು ಸಣ್ಣ ಸೀಲು, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಹಿಡಿ ಹೊಡೆದರೂ ಹೊಡೆದರೂ ನೀರು ಮೇಲೆ ಬರುವುದು ನಿಧಾನವಾದರೆ ಆ ಸೀಲು ಹೋಗಿದೆ ಅಂತ ಅಲ್ಲಿನ ಹೆಂಗಸರಿಗೆ ಯಾವ ಇಂಜಿನಿಯರನಿಗಿಂತ ಮೊದಲು ಗೊತ್ತಾಗುತ್ತದೆ. ಅಷ್ಟು ಸುಲಭದ ಪಂಪುಗಳೇ ವರ್ಷಗಟ್ಟಲೆ ನಿಂತುಬಿಡುತ್ತವೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಸುಮಾರು ಮೂರರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿದೆ ಅಂತ ಗ್ರಾಮೀಣ ನೀರು ಪೂರೈಕೆಯ ತಜ್ಞರ ಜಾಲವೊಂದು 2009ರಲ್ಲಿ ಅಂದಾಜು ಮಾಡಿತ್ತು.

ಸೀಲು ದುಬಾರಿ ಅಲ್ಲ. ಹಾಗಿದ್ದರೆ ಯಾಕೆ ನಿಲ್ಲುತ್ತದೆ? ಬಿಡಿಭಾಗ ಮಾರುವ ಅಂಗಡಿ ದೂರದ ಪಟ್ಟಣದಲ್ಲಿರುತ್ತದೆ. ಪಂಪು ಯಾರದ್ದು ಅನ್ನುವುದೇ ಯಾರಿಗೂ ಸ್ಪಷ್ಟವಿರುವುದಿಲ್ಲ. ಬುಡದಲ್ಲಿ ಕೊಟ್ಟವರ ಹೆಸರಿನ ಫಲಕ ಇದ್ದರೆ, ಪಂಪು ಅವರದ್ದೇ, ಅವರೇ ಬಂದು ಸರಿಮಾಡುತ್ತಾರೆ ಅಂತ ಜನ ಕಾಯುತ್ತಾರೆ. ತಿಂಗಳಿಗೆ ಇಷ್ಟು ಅಂತ ಮನೆಮನೆಯಿಂದ ಸೇರಿಸಿದ ದುಡ್ಡು ಇಟ್ಟುಕೊಳ್ಳಲು ಎಲ್ಲರೂ ನಂಬುವ ಕೈ ಇರುವುದಿಲ್ಲ. ಜಿಲ್ಲೆಯ ನೀರಿನ ಕಚೇರಿಗೆ ಆ ಪಂಪು ಇದೆ ಅಂತಲೇ ಗೊತ್ತಿರುವುದಿಲ್ಲ, ಯಾಕೆಂದರೆ ಚರ್ಚು ಚರ್ಚಿನ ನಡುವೆಯೇ ಎಲ್ಲ ಮುಗಿದಿರುತ್ತದೆ. ನೀವು ಕಟ್ಟಿಸಿದ ಶಾಲಾ ಕೊಠಡಿಗೂ ಇದೇ ಮಾತು. ಜಿಲ್ಲಾ ಶಿಕ್ಷಣ ಕಚೇರಿಯ ಪಟ್ಟಿಯಲ್ಲಿ ಆ 3 ಕೊಠಡಿ ಸೇರಿಲ್ಲದಿದ್ದರೆ ಅವಕ್ಕೆ ಶಿಕ್ಷಕರು ಎಲ್ಲಿಂದ ಬರಬೇಕು?

ಹಾಗಾಗಿ ಮುಂದಿನ ಸಲ ಪಂಪಿನ ರಿಪೇರಿಗೆ ಹಣ ಕಳಿಸಬೇಡಿ. ನೀರು ಸಮಿತಿ ಇದೆಯಾ, ಅದರಲ್ಲಿ ಹೆಂಗಸರು ಎಷ್ಟು ಜನ, ದುಡ್ಡು ಯಾರ ಹತ್ತಿರ ಇರುತ್ತದೆ, ಹತ್ತಿರದ ಪಂಪ್ ಮೆಕ್ಯಾನಿಕ್ ಯಾರು, ಇಷ್ಟು ಕೇಳಿ. ಸಮಿತಿ ಇಲ್ಲ ಅಂದರೆ ಅದನ್ನು ಕಟ್ಟಲು, ಇಬ್ಬರಿಗೆ ತರಬೇತಿ ಕೊಡಿಸಲು, ಮೊದಲ ಬಾರಿಗೆ ಬಿಡಿಭಾಗಗಳ ಒಂದು ಪೆಟ್ಟಿಗೆ ಇಡಲು ಖರ್ಚು ಮಾಡಿ. ಇಲ್ಲೊಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಸಮಿತಿ ಗಟ್ಟಿಯಾಗುವಷ್ಟರಲ್ಲಿ ಪಂಪು ಮತ್ತೆ ನಿಂತರೆ ಹೆಣ್ಣುಮಕ್ಕಳು ಮತ್ತೆ ದೂರದ ಹಳ್ಳದ ನೀರಿಗೆ ಹೋಗಬೇಕಾಗುತ್ತದೆ. ಹಳ್ಳದ ನೀರಿನಿಂದ ಮಕ್ಕಳಿಗೆ ವಾಂತಿಭೇದಿ ಆಗುತ್ತದೆ. ನೀರಿನ ವಿಷಯದಲ್ಲಿ ಪಾಠ ಕಲಿಸಲು ಹೋಗಬಾರದು. ಮೊದಲ ಎರಡು ವರ್ಷ ತುರ್ತಿಗೆ ಅಂತ ಸ್ವಲ್ಪ ಹಣ ಬೇರೆ ಇಟ್ಟಿರಿ, ಆದರೆ ಅದನ್ನು ಬಳಸುವ ತೀರ್ಮಾನ ನೀರು ಸಮಿತಿಯದ್ದಾಗಿರಲಿ.

ಪಾಸ್ಟರ್ ಮತ್ತು ರಸೀದಿ

ನಿಮ್ಮ ಪಾಸ್ಟರ್ ಬಗ್ಗೆ ನನಗೆ ಅನುಮಾನಕ್ಕಿಂತ ಕನಿಕರ ಜಾಸ್ತಿ. ಅವರ ಜಾಗದಲ್ಲಿ ನಿಂತು ನೋಡಿ. ಹೊರದೇಶದ ಹಣ ಬರುವುದು ಅವರ ಹೆಸರಿಗೆ ಅಂತ ಇಡೀ ಹಳ್ಳಿಗೆ ಗೊತ್ತು. ಯಾರದೋ ಮಗುವಿಗೆ ಜ್ವರ, ಯಾರದೋ ಮನೆಯಲ್ಲಿ ಸಾವು, ಕೊಯ್ಲಿಗೆ ಮೊದಲಿನ ತಿಂಗಳುಗಳಲ್ಲಿ ಕಣಜ ಖಾಲಿಯಾದಾಗ ಎಲ್ಲರೂ ಅವರ ಬಾಗಿಲಿಗೇ. 40 ಮಕ್ಕಳನ್ನು ಆರಿಸಿದವರು ಅವರು, ಆಯ್ಕೆಯಲ್ಲಿ ಬಿಟ್ಟುಹೋದ ಮಕ್ಕಳ ತಾಯಂದಿರ ಸಿಟ್ಟು ಬೀಳುವುದೂ ಅವರ ಮೇಲೆ. ಶಾಲೆಗೆ ಅಂತ ಬಂದ ಹಣದಲ್ಲಿ ಒಬ್ಬರನ್ನು ಆಸ್ಪತ್ರೆಗೆ ಸೇರಿಸಿದರೆ ಅದಕ್ಕೆ ನಿಮಗೆ ಕಳಿಸುವಂಥ ರಸೀದಿ ಇರುವುದಿಲ್ಲ. ಅದು ಕಳ್ಳತನ ಅಲ್ಲ. ಆದರೆ ಲೆಕ್ಕವೂ ಅಲ್ಲ. ಇನ್ನು ಕೆಲವು ಕಡೆ ನಿಜವಾಗಿಯೂ ಹಣ ಜೇಬಿಗೆ ಹೋಗಿರುತ್ತದೆ. ದೂರದಿಂದ ಎರಡರ ನಡುವಿನ ವ್ಯತ್ಯಾಸ ಹೇಳಲು ಆಗುವುದಿಲ್ಲ. ಒಬ್ಬರ ಕೈಯಿಂದ ಹೊರೆ ಇಳಿಸಿದರೆ ಒಳ್ಳೆಯವರಿಗೆ ನೆಮ್ಮದಿ, ಅಲ್ಲದವರಿಗೆ ತಡೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಹಣ ಪಾಸ್ಟರ್ ಅವರ ಸ್ವಂತ ಖಾತೆಗೆ ಅಲ್ಲ, ಸಭೆಯ ಅಥವಾ ಅದರ ಮೇಲಿನ ಆಡಳಿತವಾದ ಸಿನಡ್, ಡಯಾಸಿಸ್‌ನ ಖಾತೆಗೆ ಹೋಗಬೇಕು. ಸಹಿ ಕನಿಷ್ಠ ಇಬ್ಬರದ್ದು, ಒಂದೇ ಕುಟುಂಬದವರು ಬೇಡ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಅನ್ನುವುದನ್ನು ಅಲ್ಲಿನ ಆರಾಧನೆಯ ಹೊತ್ತಿನಲ್ಲಿ ಎಲ್ಲರ ಮುಂದೆ, ಅವರ ಭಾಷೆಯಲ್ಲಿ ಓದಬೇಕು. ನಿಮಗೆ ಬರುವ ವರದಿಗಿಂತ ಇದೇ ದೊಡ್ಡ ಆಡಿಟ್. ಹಳ್ಳಿಯವರಿಗೆ ಸಿಮೆಂಟಿನ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತು. ಪಾಸ್ಟರ್ ಅವರಿಗೆ ಈ ಕೆಲಸಕ್ಕೆ ಓಡಾಟದ ಖರ್ಚಾಗುತ್ತಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆದು ಕೊಡಿ. ಒಳಗೊಳಗೇ ಸರಿದೂಗಿಸಿಕೊಳ್ಳುವ ಸ್ಥಿತಿಗೆ ಅವರನ್ನು ತಳ್ಳಬೇಡಿ.

ಖಜಾಂಚಿಯಾಗಿ ನೀವು ಗಮನಿಸಬೇಕಾದ ಇನ್ನೊಂದು ಸಂಗತಿ. ಕೆಲವು ದೇಶಗಳಲ್ಲಿ ಬ್ಯಾಂಕಿನ ವಿನಿಮಯ ದರ ಒಂದು, ಹೊರಗಿನ ಮಾರುಕಟ್ಟೆಯ ದರ ಇನ್ನೊಂದು. ಬೆಲೆ ವಾರವಾರಕ್ಕೂ ಏರುವ ಕಾಲದಲ್ಲಿ ನೀವು ಒಪ್ಪಿದ ಅಂದಾಜಿಗೂ ಆದ ಖರ್ಚಿಗೂ ತಾಳೆ ಆಗದಿರುವುದು ಸಹಜ. ಲೆಕ್ಕ ತಪ್ಪಿದೆ ಅಂತ ತೀರ್ಮಾನಿಸುವ ಮೊದಲು ಹಣ ಯಾವ ದಿನ, ಯಾವ ದರದಲ್ಲಿ ಅವರ ಕೈ ಸೇರಿತು ಕೇಳಿ.

40 ಮಕ್ಕಳು

ಹೀಗೆ ಒಂದೊಂದು ಮಗುವಿನ ಖರ್ಚು ಹೊರುವ ಮಕ್ಕಳ ಪ್ರಾಯೋಜನೆಯನ್ನು ಈಗ ಟೀಕಿಸುವವರು ಬಹಳ. ಆದರೆ ಅದು ವ್ಯರ್ಥ ಅನ್ನುವುದಕ್ಕೆ ಆಧಾರ ಇಲ್ಲ. ಮಕ್ಕಳ ಪ್ರಾಯೋಜನೆ ನಡೆಸುವ ಕ್ರೈಸ್ತ ಸಂಸ್ಥೆ ಕಂಪ್ಯಾಶನ್ ಇಂಟರ್‌ನ್ಯಾಷನಲ್‌ನ ಕಾರ್ಯಕ್ರಮದಲ್ಲಿದ್ದ ಮಕ್ಕಳ ಬಗ್ಗೆ 6 ದೇಶಗಳಲ್ಲಿ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮದಲ್ಲಿ ಇಲ್ಲದ ಮಕ್ಕಳಿಗಿಂತ ಆ ಮಕ್ಕಳು ಸುಮಾರು ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಅದು ಸಣ್ಣದಲ್ಲ. ನಿಮ್ಮದು ಅಷ್ಟು ವ್ಯವಸ್ಥಿತ ಕಾರ್ಯಕ್ರಮ ಇರಲಿಕ್ಕಿಲ್ಲ, ಆದರೂ ಆ 40 ಮಕ್ಕಳ ಓದು ನಿಜವಾದದ್ದೇ.

ಮೊದಲು ಆ ಫೀಸು ಯಾವುದಕ್ಕೆ ಅಂತ ತಿಳಿದುಕೊಳ್ಳಿ. ಮಲಾವಿ 1994ರಲ್ಲಿ, ಉಗಾಂಡ 1997ರಲ್ಲಿ, ಟಾಂಜಾನಿಯ 2001ರಲ್ಲಿ, ಕೆನ್ಯಾ 2003ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿದವು. ಹಾಗಿದ್ದರೂ ಸಮವಸ್ತ್ರ, ಪುಸ್ತಕ, ಪರೀಕ್ಷೆ ಅಂತ ಖರ್ಚು ಇದ್ದೇ ಇರುತ್ತದೆ. ಪ್ರೌಢಶಾಲೆಗೆ, ಅದರಲ್ಲೂ ಹಾಸ್ಟೆಲ್ ಇದ್ದರೆ, ದೊಡ್ಡ ಮೊತ್ತವೇ ಬೇಕು. ಯಾವ ಮಗು ಯಾವ ತರಗತಿಯಲ್ಲಿದೆ, ಏನು ಖರ್ಚು ಅನ್ನುವ ಪಟ್ಟಿ ಇಲ್ಲದೆ "40 ಮಕ್ಕಳು" ಅನ್ನುವುದು ಬರೀ ಸಂಖ್ಯೆ. ಪಟ್ಟಿಯನ್ನು ಶಾಲೆಯಿಂದಲೇ ತರಿಸಿ.

ಆಮೇಲೆ, ಈಗ ಓದುತ್ತಿರುವ ಮಕ್ಕಳಲ್ಲಿ ಒಬ್ಬರನ್ನೂ ನಡುವೆ ಬಿಡಬೇಡಿ. ಕಮಿಟಿಯ ಮನಸ್ಸು ಬದಲಾಯಿತು ಅಂತ ಪ್ರೌಢಶಾಲೆಯ ಎರಡನೇ ವರ್ಷದಲ್ಲಿರುವ ಹುಡುಗಿ ಮನೆಗೆ ವಾಪಸ್ ಬರುವಂತಾದರೆ ಅದು ಅನ್ಯಾಯ. ಮದುವೆ ಮಾಡಿಬಿಡೋಣ ಅನ್ನುವ ಮಾತು ಆ ಮನೆಯಲ್ಲಿ ಮರುದಿನವೇ ಎದ್ದರೂ ಎದ್ದೀತು. ಹೊಸ ಹೆಸರು ಸೇರಿಸುವುದನ್ನು ಮಾತ್ರ ನಿಲ್ಲಿಸಿ. ಹಾಗೆ ಉಳಿದ ಹಣ ಇಡೀ ಶಾಲೆಗೆ ಹೋಗಲಿ: ಪುಸ್ತಕ, ಬೆಂಚು, ಹೆಣ್ಣುಮಕ್ಕಳ ಶೌಚಾಲಯ. ಯಾರ ಮಗುವಿಗೆ ಸಿಕ್ಕಿತು ಅನ್ನುವ ಜಗಳ ಆಗ ತಾನಾಗಿ ಕಡಿಮೆಯಾಗುತ್ತದೆ. ನಷ್ಟವೂ ಇದೆ: ನಿಮ್ಮ ಸಭೆಯವರಿಗೆ ಒಂದು ಮಗುವಿನ ಮುಖ, ಹೆಸರು, ಪತ್ರ ಇದ್ದರೆ ಕೊಡುವ ಮನಸ್ಸು ಬರುತ್ತದೆ. ಬೆಂಚಿನ ಲೆಕ್ಕಕ್ಕೆ ಅಷ್ಟು ಬರುವುದಿಲ್ಲ. ಕಾಣಿಕೆ ಕಡಿಮೆಯಾಗಬಹುದು, ಅದಕ್ಕೆ ಸಿದ್ಧರಿರಿ.

ಅನಾಥಾಲಯ ಮತ್ತು ವಾಹನ

ಅನಾಥಾಲಯದ ವಿಷಯದಲ್ಲಿ ನನ್ನ ಉತ್ತರ ನೇರ: ಕಟ್ಟಬೇಡಿ. ಜಗತ್ತಿನ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಹೈಟಿ, ಕಾಂಬೋಡಿಯದಂಥ ದೇಶಗಳಲ್ಲಿ ಲೆಕ್ಕ ಹಾಕಿದಾಗ ಸುಮಾರು ಐದರಲ್ಲಿ ನಾಲ್ಕು ಮಕ್ಕಳು ಹಾಗೆ ಕಂಡುಬಂದರು. ಅವರು ಅಲ್ಲಿರುವುದು ಅನಾಥರಾದ್ದರಿಂದ ಅಲ್ಲ, ಮನೆಯಲ್ಲಿ ಊಟ ಮತ್ತು ಓದಿನ ಖರ್ಚು ಹೊರಲಾಗದ್ದರಿಂದ. ಕಟ್ಟಡ ಎದ್ದರೆ ಅದನ್ನು ತುಂಬಿಸಲು ಮಕ್ಕಳು ಬೇಕಾಗುತ್ತದೆ. ಹೊರದೇಶದ ಹಣ, ಹೊರದೇಶದ ಅತಿಥಿಗಳು ಬರುತ್ತಾರೆ ಅಂತಲೇ ಮಕ್ಕಳನ್ನು ಮನೆಯಿಂದ ಎಳೆದು ತಂದ ಉದಾಹರಣೆಗಳೂ ಇವೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ, ಮಕ್ಕಳು ಕುಟುಂಬದಲ್ಲೇ ಬೆಳೆಯುವಂತೆ ನೋಡಿಕೊಳ್ಳಿ, ಅನಾಥಾಲಯ ಪ್ರವಾಸಗಳಿಂದ ಆಗುವ ಹಾನಿ ತಡೆಯಿರಿ ಅಂತ ದೇಶಗಳಿಗೆ ಹೇಳಿತು.

ಆ ಹಳ್ಳಿಯಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳು ಇರುತ್ತಾರೆ, ಅದು ಸುಳ್ಳಲ್ಲ. ಅವರಲ್ಲಿ ಹೆಚ್ಚಿನವರು ಈಗಾಗಲೇ ಯಾವುದೋ ಅಜ್ಜಿಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇರುತ್ತಾರೆ. ಆ ಅಜ್ಜಿಯ ಮನೆಯ ಚಾವಣಿ ಸೋರದಂತೆ ಮಾಡಿ, ಎರಡು ಆಡು ಕೊಡಿಸಿ, ಮಕ್ಕಳ ಸಮವಸ್ತ್ರದ ಖರ್ಚು ನೋಡಿಕೊಳ್ಳಿ. ಪಾಸ್ಟರ್ ಅವರಿಗೆ ಬೇಡ ಅಂತ ಬರೆಯುವಾಗಲೇ ಇದನ್ನೂ ಬರೆಯಿರಿ. ಅವರ ಕಣ್ಣಮುಂದೆ ಕಷ್ಟದಲ್ಲಿರುವ ಮಕ್ಕಳು ಇರುವುದರಿಂದಲೇ ಅವರು ಕೇಳಿದ್ದು.

ವಾಹನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂರನೇ ವರ್ಷದ ಟೈರು ಯಾರು ಹಾಕಿಸುತ್ತಾರೆ, ಪೆಟ್ರೋಲು, ವಿಮೆ, ಡ್ರೈವರ್ ಯಾರು ಅಂತ ಅವರೇ ಒಂದು ಹಾಳೆಯಲ್ಲಿ ಬರೆದು ಕಳಿಸಲಿ. ಬರೆಯುತ್ತಾ ಹೋದಂತೆ ಬಹಳ ಸಭೆಗಳು ತಾವೇ ಮೋಟಾರ್‌ಸೈಕಲ್ ಸಾಕು ಅನ್ನುತ್ತವೆ.

ಯುವಜನರ ಪ್ರವಾಸವನ್ನು ಪೂರ್ತಿ ರದ್ದು ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಕಟ್ಟಡ ಕಟ್ಟಲು ಹೋಗುವುದು ಬೇಡ. ಅಲ್ಲಿ ಗಾರೆ ಕೆಲಸ ಗೊತ್ತಿರುವವರು ಕೆಲಸ ಇಲ್ಲದೆ ಕೂತಿರುತ್ತಾರೆ. ವಿಮಾನದ ಟಿಕೆಟ್ ಹಣದಲ್ಲಿ ಅವರಿಗೆ ಎಷ್ಟು ದಿನದ ಕೂಲಿ ಕೊಡಬಹುದು ಲೆಕ್ಕ ಹಾಕಿ. ಹೋಗುವುದಾದರೆ ಚಿಕ್ಕ ಗುಂಪಾಗಿ, ಅವರ ಮನೆಗಳಲ್ಲಿ ಉಳಿದು, ಅವರ ಕೆಲಸ ನೋಡಿ ಕಲಿಯಲು ಹೋಗಲಿ. ಮಕ್ಕಳ ರಕ್ಷಣೆಯ ನಿಯಮಗಳಿಗೆ ಮೊದಲೇ ಸಹಿ ಹಾಕಿರಲಿ: ಯಾವ ಮಗುವಿನ ಜೊತೆಗೂ ಒಬ್ಬರೇ ಇರಬಾರದು, ಮನೆಯವರ ಒಪ್ಪಿಗೆ ಇಲ್ಲದೆ ಫೋಟೋ ಬೇಡ. ಈ ಖರ್ಚನ್ನು ಪಾಲುದಾರಿಕೆಯ ಹಣದಿಂದ ತೆಗೆಯಬೇಡಿ, ಬೇರೆ ಸೇರಿಸಿ.

ಮುಂದಿನ ದಾರಿಗಳು

ಥಟ್ಟನೆ ನಿಲ್ಲಿಸುವುದು ಒಂದು ದಾರಿ. ಲೆಕ್ಕದ ತಲೆನೋವು ಮುಗಿಯುತ್ತದೆ. ಆದರೆ ಮೊದಲ ಹೊಡೆತ ಬೀಳುವುದು ಮಕ್ಕಳಿಗೆ, ಎರಡನೆಯದು ನಿಮ್ಮ ಮಾತನ್ನು ನಂಬಿದ್ದ ಅಲ್ಲಿನ ಹಿರಿಯರಿಗೆ. ಹಣ ಜೇಬಿಗೆ ಹೋದದ್ದು ಖಾತ್ರಿಯಾದರೆ, ಅಥವಾ ಮಕ್ಕಳಿಗೆ ಹಿಂಸೆ ಆಗುತ್ತಿದೆ ಅಂತ ಗೊತ್ತಾದರೆ ಮಾತ್ರ ಇದು ಸರಿ. ಆಗಲೂ ಮಕ್ಕಳ ಫೀಸು ನೇರ ಶಾಲೆಗೆ ಕಟ್ಟಿ, ಹಿಂಸೆಯ ವಿಷಯವನ್ನು ಅಲ್ಲಿನ ಅಧಿಕಾರಿಗಳಿಗೂ ಅವರ ಸಭೆಯ ಮೇಲಿನವರಿಗೂ ತಿಳಿಸಿ.

ಇದ್ದ ಹಾಗೇ ಮುಂದುವರಿಸುವುದು ಇನ್ನೊಂದು. ಸುಲಭ. ಆದರೆ ಇನ್ನೈದು ವರ್ಷಕ್ಕೆ ಇದೇ ಪತ್ರ ನೀವು ಮತ್ತೆ ಬರೆಯುತ್ತೀರಿ.

ಹಣವನ್ನು ಒಂದು ದೊಡ್ಡ ಸಹಾಯ ಸಂಸ್ಥೆಗೆ ಕೊಟ್ಟುಬಿಡುವುದೂ ಇದೆ. ಅವರಲ್ಲಿ ತಜ್ಞರು, ಆಡಿಟ್ ಎಲ್ಲ ಇರುತ್ತದೆ. ನಿಮ್ಮ ಚರ್ಚಿಗೆ ಲೆಕ್ಕ ನೋಡಲು, ಪ್ರವಾಸ ಮಾಡಲು ಪುರುಸೊತ್ತಿರುವ ಜನ ಇಲ್ಲದಿದ್ದರೆ ಇದು ಕೆಟ್ಟ ಆಯ್ಕೆ ಅಲ್ಲ. ಕಳೆದುಕೊಳ್ಳುವುದು 11 ವರ್ಷದ ಪರಿಚಯವನ್ನು.

ನಾನಾಗಿದ್ದರೆ ಷರತ್ತುಗಳನ್ನು ಬದಲಾಯಿಸಿ ಮುಂದುವರಿಯುತ್ತಿದ್ದೆ. ಎರಡೂ ಕಡೆಯವರು ಕೂತು 4 ವರ್ಷದ ಒಂದು ಒಪ್ಪಂದ ಬರೆಯಬೇಕು. ಪ್ರತಿ ವರ್ಷ ಪಂಪು, ಫೀಸಿನಂಥ ದಿನನಿತ್ಯದ ಖರ್ಚಿಗೆ ನಿಮ್ಮ ಪಾಲು ಇಳಿಯುತ್ತದೆ, ಅವರ ಪಾಲು ಏರುತ್ತದೆ. ಎಷ್ಟು, ಯಾವಾಗ ಅನ್ನುವುದನ್ನು ಅವರೇ ಮೊದಲು ಹೇಳಬೇಕು. ಕೈಬಿಟ್ಟುಹೋದರು ಅಂತ ಅನ್ನಿಸದಿರಲು ಎರಡೂ ಸಭೆಗಳಲ್ಲಿ ಅದನ್ನು ಓದಬೇಕು. ಬರಗಾಲ, ನೆರೆ ಬಂದರೆ ಲೆಕ್ಕವೇ ಬೇರೆ ಅನ್ನುವುದೂ ಅದರಲ್ಲಿರಲಿ. ಹಸಿದವರಿಗೆ ಸ್ವಾವಲಂಬನೆಯ ಪಾಠ ಹೇಳುವವರನ್ನು ನಾನು ನೋಡಿದ್ದೇನೆ, ಅದು ಸಹಿಸಲಾಗದ ದೃಶ್ಯ.

ಅವರ ಪಾಲು ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. ಉಳಿತಾಯ ಗುಂಪುಗಳನ್ನು ನೋಡಿ. 1991ರಲ್ಲಿ ನೈಜರ್‌ನಲ್ಲಿ ಕೇರ್ ಅನ್ನುವ ಅಂತರರಾಷ್ಟ್ರೀಯ ಸಹಾಯ ಸಂಸ್ಥೆ ಹೆಂಗಸರ ಜೊತೆ ಶುರುಮಾಡಿದ ಈ ಕ್ರಮ ಈಗ ಆಫ್ರಿಕಾದ ಉದ್ದಗಲಕ್ಕೂ ಇದೆ, ಬಹಳ ಚರ್ಚುಗಳೂ ನಡೆಸುತ್ತವೆ. ಹೊರಗಿನ ಒಂದು ಪೈಸೆಯೂ ಬೇಡ. 15-25 ಜನ ವಾರವಾರ ತಮ್ಮದೇ ದುಡ್ಡು ಹಾಕುತ್ತಾರೆ. ಪೆಟ್ಟಿಗೆಗೆ 3 ಬೀಗ, ಬೀಗದ ಕೈಗಳು 3 ಜನರ ಹತ್ತಿರ. ಅದರಿಂದಲೇ ಸಾಲ ಕೊಟ್ಟು, ವರ್ಷದ ಕೊನೆಗೆ ಬಡ್ಡಿ ಸೇರಿಸಿ ಹಂಚಿಕೊಳ್ಳುತ್ತಾರೆ. ನಿಮ್ಮ ಖರ್ಚು ತರಬೇತಿಗೆ ಮಾತ್ರ. ಪೆಟ್ಟಿಗೆಗೆ ನಿಮ್ಮ ಹಣ ಹಾಕಲು ಹೋಗಬೇಡಿ. ಹಾಕಿದ ದಿನದಿಂದ ಸಾಲ ವಾಪಸ್ ಬರುವುದು ಕಡಿಮೆಯಾಗುತ್ತದೆ, ಪಕ್ಕದ ಮನೆಯವರ ದುಡ್ಡು ವಾಪಸ್ ಕೊಡದೆ ಉಳಿಸಿಕೊಳ್ಳಲು ಆಗುವಷ್ಟು ನಾಚಿಕೆ ದೂರದವರ ದುಡ್ಡಿಗೆ ಆಗುವುದಿಲ್ಲ. ಕಡುಬಡವರು ಈ ಗುಂಪುಗಳ ಹೊರಗೇ ಉಳಿದುಬಿಡುತ್ತಾರೆ, ಅವರಿಗೆ ನೇರ ಸಹಾಯ ಬೇಕೇ ಬೇಕು.

ಈ ಒಪ್ಪಂದದ ಮಾತಿಗೆ ನಿಮ್ಮ ಕಡೆಯಿಂದ ಇಬ್ಬರೇ ಹೋಗಿ, ಅವರಲ್ಲಿ ಒಬ್ಬರು ಹೆಣ್ಣುಮಗಳಿರಲಿ. ಮೊದಲ ಎರಡು ದಿನ ಹಣದ ಮಾತೇ ಬೇಡ. ಹೆಂಗಸರ ಗುಂಪು, ಯುವಕರು, ಶಾಲೆಯ ಮುಖ್ಯಶಿಕ್ಷಕರು, ಚರ್ಚಿಗೆ ಬರದವರು, ಎಲ್ಲರನ್ನೂ ಪಾಸ್ಟರ್ ಇಲ್ಲದ ಹೊತ್ತಿನಲ್ಲೂ ಭೇಟಿಯಾಗಿ. ಇದನ್ನು ಪಾಸ್ಟರ್ ಅವರಿಗೆ ಮೊದಲೇ ತಿಳಿಸಿ, ಅವರ ಬೆನ್ನ ಹಿಂದೆ ಆದಂತಾಗಬಾರದು. ಭಾಷಾಂತರಕ್ಕೆ ಅವರ ಮನೆಯವರು ಬೇಡ. "ನಾವು ಮಾಡಿದ್ದರಲ್ಲಿ ಯಾವುದು ಕೆಲಸಕ್ಕೆ ಬರಲಿಲ್ಲ" ಅಂತ ಕೇಳಿ, ಕೇಳಿ ಸುಮ್ನೆ ಕೂತುಕೊಳ್ಳಿ. ಮೊದಲ ಸಲ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ಎರಡನೇ, ಮೂರನೇ ಸಲಕ್ಕೆ ಯಾರೋ ಒಬ್ಬರು, ಹೆಚ್ಚಾಗಿ ವಯಸ್ಸಾದ ಹೆಂಗಸು, ಬಾಯಿ ಬಿಡುತ್ತಾರೆ.

ಆಮೇಲೆ ಅವರಲ್ಲಿ ಇಬ್ಬರನ್ನು ನಿಮ್ಮಲ್ಲಿಗೆ ಕರೆಸಿಕೊಳ್ಳಿ. ನಿಮ್ಮ ಕಮಿಟಿಯ ಸಭೆಯಲ್ಲಿ ಕೂರಲಿ, ನಿಮ್ಮ ಲೆಕ್ಕವನ್ನೂ ನೋಡಲಿ, ಆಡಳಿತಕ್ಕೆ, ಟಿಕೆಟಿಗೆ, ಊಟಕ್ಕೆ ನೀವು ಎಷ್ಟು ಖರ್ಚು ಮಾಡುತ್ತೀರಿ ಅಂತ ಕೇಳಲಿ. ಯಾರು ಬರಬೇಕು ಅಂತ ಆರಿಸುವುದು ಅಲ್ಲಿನ ಸಭೆಯವರೇ, ಮತ್ತು ಇಬ್ಬರೂ ಪಾಸ್ಟರ್‌ಗಳೇ ಆಗುವುದು ಬೇಡ. ವೀಸಾ ಸಿಗುವುದು ಕಷ್ಟ, ಜಮೀನು ಅಥವಾ ಸಂಬಳದ ದಾಖಲೆ ಇಲ್ಲದವರ ಅರ್ಜಿ ತಿರಸ್ಕಾರವಾಗುವುದು ಸಾಮಾನ್ಯ. ಆಹ್ವಾನ ಪತ್ರ, ಖರ್ಚು ನಮ್ಮದು ಅನ್ನುವ ಪತ್ರ, ವಾಪಸ್ ಟಿಕೆಟ್ ಎಲ್ಲ ಸೇರಿಸಿ ಆರು ತಿಂಗಳು ಮೊದಲೇ ಕೆಲಸ ಶುರುಮಾಡಿ. ಮೊದಲ ಅರ್ಜಿ ತಿರಸ್ಕಾರವಾದರೆ ಇನ್ನೊಮ್ಮೆ ಹಾಕಲು ಬೇಕಾದ ಹಣವನ್ನು ಈ ವರ್ಷದ ಬಜೆಟ್‌ನಲ್ಲೇ ಎತ್ತಿಡಿ.